ರಜೆಯ ಮರುದಿನ

ಇವತ್ತು ವಾರದ ರಜೆ, ಆದರೂ ಮಗಳು ಗಿರಣಿಗೆ ಹೋಗಿದ್ದಾಳೆ ಎಂಬ ಒಂದೇ ಸಮಾಧಾನವನ್ನು ಹಿಡಿದುಕೊಂಡು ಗಡಿಯಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಗಡಿಯಾರ ಎಂಬುದು ಹತ್ತಿ ಗಿರಣಿಯವರು ಅವನಿಗಿಟ್ಟ ಹೆಸರು. ಕೆಲಸದಲ್ಲಿದ್ದಷ್ಟು ಕಾಲ ಒಂದು ದಿನವೂ ತಪ್ಪಿಸಿದವನಲ್ಲ. ಹೆಂಡತಿ ತೀರಿಕೊಂಡ ಮರುದಿನವೇ ಬಂದು ಯಂತ್ರದ ಮುಂದೆ ನಿಂತಾಗ ಯಾರೋ ಹಿಂದಿನಿಂದ ಹಾಗೆ ಕರೆದಿದ್ದರು. ಅದು ಹೊಗಳಿಕೆಯೋ ಗೇಲಿಯೋ ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಎದುರಿನ ಗೋಡೆಯ ಮೇಲೆ ಎರಡು ಶ್ವಾಸಕೋಶಗಳ ಚಿತ್ರ ತೂಗುಹಾಕಿದ್ದರು, ಒಂದು ಗುಲಾಬಿ, ಇನ್ನೊಂದು ಕರಿ, ಕರಿಯದರ ಪಕ್ಕದಲ್ಲಿ ಹೊಗೆಯಾಡುವ ಸಿಗರೇಟು. ಪಕ್ಕ ಕೂತವರೆಲ್ಲ ಆ ಚಿತ್ರದಿಂದ ಮುಖ ತಿರುಗಿಸುತ್ತಿದ್ದರೆ ಇವನು ಮಾತ್ರ ಅದನ್ನು ನೆಂಟರ ಫೋಟೋ ನೋಡುವ ಹಾಗೆ ಪ್ರೀತಿಯಿಂದ ನೋಡುತ್ತಿದ್ದ. ತನ್ನ ಉಸಿರು ಕೆಟ್ಟದ್ದು ಸಿಗರೇಟಿನಿಂದಾದರೆ ಅಷ್ಟೇ ತಾನೆ. ಸೇದಿದವನು ತಾನು, ಅನುಭವಿಸುವವನೂ ತಾನು. ಮಗಳಿಗೆ ಆ ಚಟವಿಲ್ಲ.

ಒಳಗಿನಿಂದ ಒಬ್ಬ ಹೆಂಗಸು ಯಾರಿಗೋ ಊದಿ, ಊದಿ, ಊದಿ ಎಂದು ಕೂಗುವುದು ಕೇಳಿಸುತ್ತಿತ್ತು. ಗಿರಣಿಯ ಕಾರ್ಡಿಂಗ್ ಖಾತೆಯಲ್ಲೂ ಹೀಗೇ ಕೂಗಬೇಕು, ಇಲ್ಲದಿದ್ದರೆ ಯಂತ್ರದ ಸದ್ದಿನಲ್ಲಿ ಪಕ್ಕದವನಿಗೂ ಕೇಳಿಸದು. ಹಿಂಜಿದ ಹತ್ತಿಯನ್ನು ಮುಳ್ಳುಹಲ್ಲಿನ ದೊಡ್ಡ ಉರುಳೆಗಳು ಬಾಚಿ ಬಾಚಿ ಎಳೆಯಾಗಿಸುವ ಜಾಗ ಅದು. ಬಾಚಿದ್ದರಲ್ಲಿ ಒಳ್ಳೆಯದು ಮುಂದೆ ಹೋಗುತ್ತದೆ, ಉಳಿದದ್ದು ಗಾಳಿಗೆ ಬರುತ್ತದೆ, ಗಾಳಿಯಿಂದ ಹುಬ್ಬಿಗೆ, ರೆಪ್ಪೆಗೆ, ಊಟದ ಡಬ್ಬಿಯ ಮುಚ್ಚಳಕ್ಕೆ. ಸಂಜೆ ಹೊರಗೆ ಬರುವಾಗ ಹದಿನೆಂಟರ ಹುಡುಗನೂ ಮುದುಕನ ಹಾಗೆ ಬೆಳ್ಳಗಾಗಿರುತ್ತಿದ್ದ. ಆ ಖಾತೆಯವರಿಗೆಲ್ಲ ಒಂದು ಕಾಯಿಲೆ ಗೊತ್ತಿತ್ತು. ಅದನ್ನವರು ಮರುದಿನದ ಎದೆ ಎನ್ನುತ್ತಿದ್ದರು. ವಾರದ ರಜೆಯಲ್ಲಿ ಮನೆಯಲ್ಲಿ ಕೂತು, ಮಲಗಿ, ಹಾಯಾಗಿದ್ದು, ಮರುದಿನ ಕೆಲಸಕ್ಕೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಎದೆಗೆ ಯಾರೋ ಒದ್ದೆ ಬಟ್ಟೆ ಸುತ್ತಿ ಬಿಗಿದ ಹಾಗಾಗುತ್ತಿತ್ತು. ಅದರ ಮಾರನೆಯ ದಿನ ಸ್ವಲ್ಪ ಸಡಿಲ, ವಾರದ ಕೊನೆಗೆ ಮರೆತೇಹೋಗುವಷ್ಟು. ಮತ್ತೆ ರಜೆ, ಮತ್ತೆ ಬಿಗಿತ. ರಜೆ ತೆಗೆದುಕೊಳ್ಳದವರಿಗೆ ಮಾತ್ರ ಈ ಕಾಟವಿರಲಿಲ್ಲ. ಇಷ್ಟು ಸ್ಪಷ್ಟವಾಗಿ ಕಣ್ಣೆದುರು ಕಾಣುವ ಸಂಗತಿಯಿಂದ ಯಾರು ತಾನೆ ಬೇರೇನು ತಿಳಿದುಕೊಂಡಾರು? ಕೆಡಿಸುವುದು ರಜೆ. ಹತ್ತಿಗೆ ಒಗ್ಗಿದ ಎದೆಯನ್ನು ಒಂದು ದಿನ ಬೇರೆ ಗಾಳಿಗೆ ಒಡ್ಡಿದರೆ ಅದು ಮುನಿಸಿಕೊಳ್ಳುತ್ತದೆ. ಈ ಮಾತನ್ನು ಖಾತೆಯಲ್ಲಿ ಗಡಿಯಾರನಷ್ಟು ಗಟ್ಟಿಯಾಗಿ ಹೇಳುತ್ತಿದ್ದವರು ಇನ್ನೊಬ್ಬರಿಲ್ಲ. ರಜೆಯ ದಿನ ಯಂತ್ರಗಳು ನಿಂತಿರುತ್ತವೆ, ಆಗ ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಕಸವನ್ನು ಕುಂಚದಿಂದ ಕೆದಕಿ ತೆಗೆಯಲು ಕೆಲವರು ಬೇಕಾಗುತ್ತಾರೆ. ಅದು ಎಲ್ಲಕ್ಕಿಂತ ಧೂಳಿನ ಕೆಲಸ. ಆ ಕೆಲಸಕ್ಕೆ ಮೇಸ್ತ್ರಿ ಕರೆಯುವ ಮೊದಲೇ ಇವನು ಹೆಸರು ಕೊಟ್ಟಿರುತ್ತಿದ್ದ, ಮಗಳು ಸೇರಿದ ಮೇಲೆ ಅವಳ ಹೆಸರನ್ನೂ. ಕಾಡಿ ಬೇಡಿ ಅವಳನ್ನು ತನ್ನದೇ ಖಾತೆಗೆ ಹಾಕಿಸಿದ್ದ. ಮೊದಮೊದಲು ಅವಳು ರಜೆಯ ಮರುದಿನ ಅನ್ನದ ಮುಂದೆ ಕೂತು, ಅಪ್ಪ, ಇಲ್ಲಿ ಕಟ್ಟಿದ ಹಾಗಾಗುತ್ತೆ, ಎಂದು ಎದೆ ತೋರಿಸಿದ್ದಳು. ಇವನು ನಕ್ಕಿದ್ದ. ನಕ್ಕು ಬೆನ್ನು ತಟ್ಟಿ, ರಜೆ ತಗೋಬೇಡ ಎಂದು ಮದ್ದು ಹೇಳಿದ್ದ. ಮದ್ದು ಕೆಲಸವನ್ನೂ ಮಾಡಿತ್ತು.

ಅವನ ಸರದಿ ಬಂತು. ಊದಿಸುವ ಹೆಂಗಸು ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, "ಉಸಿರು ಪೂರ್ತಿ ಎಳ್ಕೊಳ್ಳಿ, ಆಮೇಲೆ ಒಂದೇ ಸಲ ಜೋರಾಗಿ ಬಿಡಿ, ಖಾಲಿ ಆಗೋವರೆಗೂ ನಿಲ್ಲಿಸ್ಬೇಡಿ" ಎಂದಳು. ಇದರಲ್ಲೇನಿದೆ ಎಂದುಕೊಂಡ. ಊದಿದ. ಪರದೆಯ ಮೇಲೆ ಒಂದು ಗೆರೆ ಎದ್ದು, ಏಳುವ ಮೊದಲೇ ಸುಸ್ತಾದ ಹಾಗೆ ಬಾಗಿ ಮಲಗಿತು. "ಇನ್ನೂ ಊದಿ, ಊದಿ, ಊದಿ, ಬಿಡ್ಬೇಡಿ!" ಎಂದು ಅವಳು ಕೂಗುತ್ತಲೇ ಇದ್ದಳು, ಅವನೊಳಗೆ ಊದಲು ಏನೂ ಇರಲಿಲ್ಲ. ಕೆಮ್ಮು ಬಂತು. ಕೆಮ್ಮಿನ ರಭಸಕ್ಕೆ ಪಂಚೆ ಒದ್ದೆಯಾದದ್ದು ಅವನಿಗೆ ತಿಳಿಯಿತು, ಅವಳಿಗೂ ತಿಳಿಯಿತು. ಅವಳು ಕಿಟಕಿಯ ಕಡೆ ತಿರುಗಿ ಹೊಸ ಕೊಳವೆ ಹುಡುಕುವವಳ ಹಾಗೆ ನಟಿಸಿ, "ಪರವಾಗಿಲ್ಲ ಯಜಮಾನ್ರೆ, ಎಲ್ಲರಿಗೂ ಆಗುತ್ತೆ" ಎಂದಳು. ಮಗಳ ವಯಸ್ಸಿನವಳು. ಎಲ್ಲರಿಗೂ ಆಗುತ್ತೆ ಎಂಬ ಆ ಮಾತಿಗೆ ಅವನಿಗೆ ಅಳು ಬಂತು, ಸಿಟ್ಟೂ ಬಂತು. ಇನ್ನೊಮ್ಮೆ ಊದಿದ, ಮತ್ತೊಮ್ಮೆ ಊದಿದ. ಗೆರೆ ಪ್ರತಿ ಸಲ ಅದೇ ಜಾಗಕ್ಕೆ ಹೋಗಿ ಮಲಗಿತು. ಒದ್ದೆ ಕಾಣದ ಹಾಗೆ ಪಂಚೆಯ ಅಂಚನ್ನು ಕೈಯಲ್ಲಿ ಮುದುರಿ ಹಿಡಿದು ಎದ್ದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ದಣಿದಿದ್ದಳು. ಗೆರೆಯ ಚಿತ್ರವನ್ನು ನೋಡುತ್ತ ಒಂದೊಂದೇ ಕೇಳಿದಳು. ಸಿಗರೇಟು? "ಸೇದ್ತಿದ್ದೆ ಡಾಕ್ಟರಮ್ಮ, ತುಂಬಾ ಸೇದ್ತಿದ್ದೆ" ಎಂದ. ನಿಜಕ್ಕೂ ಅವನು ಚಹಾದ ಹೊತ್ತಿಗೆ ಒಂದು, ಊಟವಾದ ಮೇಲೆ ಒಂದು ಸೇದುತ್ತಿದ್ದವನು, ಅದನ್ನೂ ಅರ್ಧಕ್ಕೆ ಆರಿಸಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ಎದೆಗೆ ಕಾಯಿಲೆ ಬಂದಿತ್ತಾ? ಬಂದಿತ್ತು. ಮನೆಯಲ್ಲಿ ಸೌದೆ ಒಲೆಯಾ? ಹೌದು, ಅಮ್ಮನ ಸೆರಗು ಹಿಡಿದುಕೊಂಡು ಹೊಗೆಯಲ್ಲೇ ಬೆಳೆದವನು ನಾನು. ಹುಟ್ಟುವಾಗ ತೂಕ ಕಮ್ಮಿ ಇತ್ತಾ? ಅಂಗೈಯಲ್ಲಿ ಹಿಡಿಯೋ ಹಾಗಿದ್ದೆನಂತೆ. ಪ್ರತಿಯೊಂದಕ್ಕೂ ಹೌದು ಹೌದು ಎನ್ನುತ್ತ ಅವನಿಗೆ ಹುರುಪೇ ಬಂದುಬಿಟ್ಟಿತು. ಉಸಿರು ಕದ್ದವರು ಇಷ್ಟು ಜನರಿರುವಾಗ ಮನೆಯಂಥ ಗಿರಣಿಯ ಮೇಲೆ ಯಾರಿಗೆ ಅನುಮಾನ ಬಂದೀತು? ಅವಳು ಎಲ್ಲಕ್ಕೂ ತಲೆಯಾಡಿಸಿ, "ಇವೆಲ್ಲಾ ಸೇರ್ಕೊಂಡಿರುತ್ತೆ, ಇಲ್ಲ ಅನ್ನಲ್ಲ. ಚೀಟೀಲಿ ಹತ್ತಿ ಕೆಲಸ ಅಂತಿದೆಯಲ್ಲ, ರಜೆ ಮುಗಿಸಿ ಹೋದ ದಿನ ಎದೆ ಬಿಗಿ ಹಿಡೀತಿತ್ತಾ?" ಎಂದಳು.

ತಮ್ಮ ಖಾತೆಯ ಒಳಗಿನ ಮಾತು ಇವಳಿಗೆ ಹೇಗೆ ಗೊತ್ತು ಎಂದು ಅವನಿಗೆ ದಿಗಿಲಾಯಿತು. ಆಮೇಲೆ ಹಳೆಯ ಹೆಮ್ಮೆ ತಾನಾಗಿ ಬಾಯಿಗೆ ಬಂತು. "ನನಗಿಲ್ಲ ಡಾಕ್ಟರಮ್ಮ. ನಾನು ರಜೇನೇ ತಗೋತಿರ್ಲಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಅಯ್ಯೋ" ಎಂದಳು. ಡಾಕ್ಟರುಗಳು ಹಾಗೆ ಅಯ್ಯೋ ಎನ್ನುವುದನ್ನು ಅವನು ಕೇಳಿರಲಿಲ್ಲ. "ಆ ಬಿಗಿತ ಇತ್ತಲ್ಲ, ಎದೆ ನಿಮಗೆ ಹೇಳ್ತಿದ್ದ ಮಾತು ಅದು. ರಜೆ ದಿನ ಎದೆಯೊಳಗೆ ಧೂಳು ಹೋಗಲ್ಲ, ಅಲ್ಲಿನ ಉಸಿರಿನ ನಾಳಗಳು ಬಿಚ್ಕೊಳ್ಳುತ್ವೆ. ಮರುದಿನ ಮತ್ತೆ ಧೂಳು ಹೊಕ್ತು, ಮುಚ್ಕೊಳ್ಳುತ್ವೆ. ಬಿಚ್ಕೊಳ್ಳೋ ಶಕ್ತಿ ಇರೋದಕ್ಕೇ ಮುಚ್ಕೊಂಡಿದ್ದು ಗೊತ್ತಾಗೋದು. ಆವಾಗಲೇ ಆ ಖಾತೆ ಬಿಟ್ಟವರು ಹೆಚ್ಚುಕಡಿಮೆ ಉಳ್ಕೋತಾರೆ."

"ಬಿಡದೇ ಇದ್ರೆ?"

"ಬಿಡದೇ ಇದ್ರೆ ಒಂದಲ್ಲ ಒಂದು ದಿನ ಎಲ್ಲಾ ದಿನಾನೂ ಒಂದೇ ಆಗುತ್ತೆ. ರಜೆ ತಗೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ. ಮರುದಿನ ಅಂತ ಬೇರೆ ಇರಲ್ಲ. ಅಲ್ಲಿಗೆ ಬಂದ್ಮೇಲೆ ಹೋದ ಉಸಿರು ವಾಪಸ್ ಬರೋದು ಕಷ್ಟ. ನಿಮ್ಮದು ಅಲ್ಲಿಗೆ ಬಂದು ಬಹಳ ಕಾಲ ಆಗಿದೆ." ಸ್ವಲ್ಪ ತಡೆದು, "ಮನೇಲಿ ಬೇರೆ ಯಾರಾದ್ರೂ ಅಲ್ಲಿ ಕೆಲಸ ಮಾಡ್ತಿದ್ದಾರಾ?" ಎಂದಳು.

"ಇಲ್ಲ" ಎಂದ.

ಯಾಕೆ ಹಾಗೆಂದ ಎಂದು ಹೊರಗೆ ಬಂದ ಮೇಲೆ, ಬಸ್ಸಿನ ನಿಲ್ದಾಣದಲ್ಲಿ ಗೋಡೆಗೆ ಒರಗಿಕೊಂಡು ಅವನು ತನ್ನನ್ನೇ ಕೇಳಿಕೊಂಡ. ಹೌದು ಎಂದಿದ್ದರೆ ಅವಳು, ಕರ್ಕೊಂಡು ಬನ್ನಿ, ಎನ್ನುತ್ತಿದ್ದಳು ಅಷ್ಟೆ. ಕರೆದುಕೊಂಡು ಬಂದರೆ ಮಗಳ ಎದುರಿಗೇ ಕೇಳುತ್ತಿದ್ದಳು, ರಜೆ ತಗೋಬೇಡ ಅಂತ ಯಾರು ಹೇಳಿದ್ದು? ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ತಾನು ಇಲ್ಲ ಎಂದದ್ದು. ಅವಮಾನಕ್ಕೆ ಹೆದರಿ ಮಗಳನ್ನೇ ಮನೆಯಲ್ಲಿ ಇಲ್ಲವೆನಿಸಿದ ತಂದೆ. ವಾಪಸ್ಸು ಹೋಗಿ ಹೇಳಬೇಕೆನಿಸಿತು. ಆದರೆ ಆಸ್ಪತ್ರೆಯ ಏರು ಮತ್ತೆ ಹತ್ತಬೇಕು, ಮತ್ತೆ ಒದ್ದೆ ಪಂಚೆಯಲ್ಲಿ ಬೆಂಚಿನ ಮೇಲೆ ಕೂರಬೇಕು. ಬಸ್ಸು ಬಂತು, ಹತ್ತಿದ.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದವನಿಗೆ ಯಾರೋ, "ಬಾಪ್ಪ, ಕೂತ್ಕೋ" ಎಂದು ಎದ್ದು ಜಾಗ ಕೊಟ್ಟರು. ಕೂತ ಮೇಲೆ ನೋಡಿದರೆ ಉದ್ದಣ್ಣ. ಒಂದೇ ಖಾತೆಯಲ್ಲಿ ಕೆಲಸ ಮಾಡಿದವನು, ಇವನಿಗಿಂತ ಹಿರಿಯ, ಕೂದಲೆಲ್ಲ ಹಣ್ಣಾಗಿದೆ, ಇದು ಹತ್ತಿಯ ಬಿಳಿಯಲ್ಲ. ಕಾಲ ಬಳಿ ಹೂಗಿಡಗಳ ಬುಟ್ಟಿ ಇಟ್ಟುಕೊಂಡು, ಬಸ್ಸು ತಿರುಗಿದ ಕಡೆಯೆಲ್ಲ ಸಲೀಸಾಗಿ ತೂಗುತ್ತ ನಿಂತಿದ್ದ. ಆ ಕಾಲದಲ್ಲಿ ರಜೆ ಎಂದರೆ ಸಾಕು, ಊರ ಹೊರಗೆ ಸುತ್ತಲು ಹೊರಡುತ್ತಿದ್ದವನು ಅವನು. ಮರುದಿನ ಖಾತೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂರುತ್ತಿದ್ದ. ಮಾವನ ಮನೆಯಿಂದ ಬಂದ್ರಪ್ಪ ಇವ್ರು ಎಂದು ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಗಡಿಯಾರ. ಒಂದು ದಿನ ಅವನು, ಇದು ನನ್ನ ಕೈಲಾಗಲ್ಲ ಎಂದು ಬಿಟ್ಟುಹೋದ. ಮೈಗಳ್ಳ ಎಂದು ಇವನು ಮಗಳಿಗೆ ಹೇಳಿದ್ದ. ಅವಳು ಆಗಿನ್ನೂ ಜಡೆ ಹಾಕಿಸಿಕೊಳ್ಳುವ ಹುಡುಗಿ. "ಮಗಳು ಹೇಗಿದ್ದಾಳೆ?" ಎಂದು ಉದ್ದಣ್ಣ ಕೇಳಿದ. "ಗಿರಣೀಲಿದ್ದಾಳೆ" ಎಂದ. ಇಳಿಯುವ ಜಾಗ ಬಂದಾಗ ಉದ್ದಣ್ಣ ಬುಟ್ಟಿಯನ್ನು ಒಂದೇ ಎತ್ತಿಗೆ ಹೆಗಲಿಗೇರಿಸಿ ಇಳಿದುಹೋದ. ಅವನ ಅಗಲ ಬೆನ್ನನ್ನು ಕಿಟಕಿಯಿಂದ ನೋಡುತ್ತ ಗಡಿಯಾರನಿಗೆ ಹೊಟ್ಟೆ ಉರಿಯಿತು. ಇಷ್ಟೊಂದು ಹೊಟ್ಟೆಕಿಚ್ಚನ್ನು ಅವನು ಯಾವ ಸಾಹುಕಾರನ ಮೇಲೂ ಪಟ್ಟಿರಲಿಲ್ಲ.

ಉಳಿದ ದಾರಿಯುದ್ದಕ್ಕೂ ಅವನು ಒಂದೇ ವಿಷಯವನ್ನು ತಿರುಗಿಸಿ ಮುರುಗಿಸಿ ನೋಡಿದ. ಎದೆ ಕಟ್ಟುತ್ತೆ ಎಂದು ಮಗಳು ಕೊನೆಯ ಸಲ ಹೇಳಿದ್ದು ಯಾವಾಗ? ನೆನಪಿಲ್ಲ. ರಜೆಯೇ ಇಲ್ಲದವಳಿಗೆ ಮರುದಿನ ಎಲ್ಲಿಂದ ಬರಬೇಕು? ಹಾಗಾದರೆ ಅವಳ ಎದೆ ಎಲ್ಲಿಗೆ ಬಂದಿದೆ ಎಂಬುದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ, ಅವಳಿಗೂ. ತಿಳಿಯುವುದಕ್ಕೆ ಒಂದೇ ದಾರಿ. ಮುಂದಿನ ವಾರ ಅವಳು ರಜೆ ತೆಗೆದುಕೊಳ್ಳಬೇಕು, ಹಾಯಾಗಿ ಮಲಗಬೇಕು, ಮರುದಿನ ಕೆಲಸಕ್ಕೆ ಹೋಗಬೇಕು, ಮಧ್ಯಾಹ್ನ ಅವಳ ಎದೆ ಹಿಡಿಯಬೇಕು. ಹಿಡಿದರೆ ಇನ್ನೂ ಹೊತ್ತಿದೆ ಎಂದರ್ಥ. ಅವತ್ತೇ ಬಿಡಿಸುತ್ತೇನೆ. ಮೇಸ್ತ್ರಿಯ ಕಾಲು ಹಿಡಿದು ಪ್ಯಾಕಿಂಗ್ ಖಾತೆಗೆ ಹಾಕಿಸುತ್ತೇನೆ, ಅಲ್ಲೂ ಆಗದಿದ್ದರೆ ಉದ್ದಣ್ಣನ ಹಿಂದೆ ಗಿಡ ಹೊರಲಿ. ಹಿಡಿಯಲಿ, ಗಟ್ಟಿಯಾಗಿ ಹಿಡಿಯಲಿ, ನೋವಿನಿಂದ ಕೂಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮಗಳ ಎದೆ ಹಿಡಿಯಲಿ ಎಂದು ಬೇಡುತ್ತಿರುವುದು ತಾನೇ ಎಂದು ಅವನಿಗೆ ಹೊಳೆಯಿತು. ಆದರೂ ಬೇಡುವುದನ್ನು ನಿಲ್ಲಿಸಲಿಲ್ಲ.

ಮನೆ ಎರಡನೆಯ ಮಹಡಿಯಲ್ಲಿತ್ತು. ನಿಂತು ನಿಂತು ಮೆಟ್ಟಿಲು ಹತ್ತಿ, ಪಂಚೆ ಬದಲಿಸಿ, ಒದ್ದೆಯದನ್ನು ತಾನೇ ಹಿಂಡಿ ಕಿಟಕಿಯ ಸರಳಿಗೆ ಹರವಿ, ಮಂಚದ ಮೇಲೆ ಬೆನ್ನಿಗೆ ದಿಂಬುಗಳನ್ನು ಪೇರಿಸಿ ಕೂತ. ಮಲಗಲು ಅವನಿಗೆ ಆಗುತ್ತಿರಲಿಲ್ಲ. ಅವಳು ಬಂದ ಕೂಡಲೇ ಹೇಗೆ ಶುರುಮಾಡುವುದು ಎಂದು ಯೋಚಿಸಿದ. ಉದ್ದುದ್ದ ಮಾತು ಅವನ ಉಸಿರಿಗೆ ನಿಲುಕದು, ನಾಲ್ಕು ಪದಕ್ಕೊಮ್ಮೆ ನಿಲ್ಲಬೇಕು. ನಾಲ್ಕು ನಾಲ್ಕು ಪದಗಳಲ್ಲಿ ಎಲ್ಲವನ್ನೂ ಜೋಡಿಸಿ ನೋಡಿದ. ನಾನು ಹೇಳಿದ್ದು ಸುಳ್ಳು. ರಜೆ ತಗೋ. ಮರುದಿನ ಏನಾಗುತ್ತೆ ಹೇಳು. ಇಷ್ಟು ಸಾಕು ಎನಿಸಿತು. ಮೊದಲನೆಯದನ್ನು ಬಿಟ್ಟರೂ ನಡೆದೀತು ಎಂದೂ ಅನಿಸಿತು, ಹಾಗನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮಗಳು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಂದು ಕ್ಷಣ ಚೌಕಟ್ಟು ಹಿಡಿದು ನಿಂತು ಒಳಗೆ ಬಂದಳು. ಅವಳ ಮುಖ ಕೆಂಪಗಾಗಿತ್ತು. ಅವನು ಮೊದಲು ನೋಡಿದ್ದು ಕೂದಲು. ಕಪ್ಪಗಿತ್ತು. ಹುಬ್ಬು ಕಪ್ಪಗಿತ್ತು, ರೆಪ್ಪೆ ಕಪ್ಪಗಿತ್ತು, ಒಂದೇ ಒಂದು ಎಳೆ ಹತ್ತಿ ಎಲ್ಲೂ ಇರಲಿಲ್ಲ. ರಜೆಯ ದಿನದ ಕ್ಲೀನಿಂಗ್ ಕೆಲಸದಿಂದ ಹೀಗೆ ಯಾರೂ ಬರಲಾರರು.

"ಎಲ್ಲಿಗೆ ಹೋಗಿದ್ದೆ ಗುಬ್ಬಿ?"

ಅವಳು ನಾಲಿಗೆ ಕಚ್ಚಿಕೊಂಡಳು. ಕುತ್ತಿಗೆ ಮುಟ್ಟಿಕೊಂಡು, ಕೂದಲು ಮುಟ್ಟಿಕೊಂಡು, ಸಿಕ್ಕಿಬಿದ್ದೆ ಎಂಬಂತೆ ನಕ್ಕುಬಿಟ್ಟಳು. "ಬೈಬೇಡಪ್ಪ. ಪ್ಯಾಕಿಂಗ್ ಖಾತೆಯವಳು ಒಬ್ಬಳಿದ್ದಾಳಲ್ಲ, ಅವಳ ಜೊತೆ ಕೆರೆಗೆ ಹೋಗಿದ್ದೆ. ದೋಣಿ ಹತ್ತಿದ್ವಿ. ಇವತ್ತು ಒಂದೇ ದಿನ ಅಲ್ಲ, ಎರಡು ಮೂರು ತಿಂಗಳಿಂದ ರಜೆ ದಿನ ಖಾತೆಗೆ ಹೋಗ್ತಾನೇ ಇಲ್ಲ. ನಿನಗೆ ಹೇಳಿದ್ರೆ ಕುಣಿದಾಡ್ತೀಯ ಅಂತ ಬೆಳಗ್ಗೆ ಡಬ್ಬಿ ತಗೊಂಡು ಹೊರಡ್ತಿದ್ದೆ, ಬರುವಾಗ ತಲೆಗೆ ಒಂದಿಷ್ಟು ಹತ್ತಿ ಉದುರಿಸ್ಕೋತಿದ್ದೆ, ಇವತ್ತು ಮರೆತೆ."

ಎರಡು ಮೂರು ತಿಂಗಳು. ಅವನಿಗೆ ಎದ್ದು ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಜೀವಮಾನದಲ್ಲಿ ಮೊದಲ ಸಲ ಮಗಳು ತನ್ನ ಮಾತು ಮೀರಿದ್ದಾಳೆ, ತನಗೆ ಸುಳ್ಳು ಹೇಳಿ ದೋಣಿ ಹತ್ತಿದ್ದಾಳೆ, ಇದಕ್ಕಿಂತ ದೊಡ್ಡ ಪುಣ್ಯ ಇನ್ನೇನಿದೆ? ಅಷ್ಟು ರಜೆ, ಅಷ್ಟು ಮರುದಿನ. ಕಣ್ಣಲ್ಲಿ ನೀರು ತುಂಬಿಕೊಂಡು, ತಡವರಿಸುತ್ತ, "ಮರುದಿನ?" ಎಂದ. "ಮರುದಿನ ಎದೆ ಹಿಡೀತಾ?"

"ಅದನ್ನೇ ಹೇಳೋಣ ಅಂತಿದ್ದೆ!" ಅವಳು ಮಂಚದ ಅಂಚಿನಲ್ಲಿ ಬಂದು ಕೂತಳು. ಗೆದ್ದವಳ ಸಡಗರ ಅವಳ ಮುಖದಲ್ಲಿತ್ತು. "ಇಲ್ಲಪ್ಪ! ಏನೂ ಇಲ್ಲ. ನೀನು ಹೇಳ್ತಿದ್ದೆಯಲ್ಲ, ರಜೆ ತಗೊಂಡ್ರೆ ಮರುದಿನ ಸಾಯಿಸುತ್ತೆ ಅಂತ, ಮೊದಲೆಲ್ಲಾ ಹಾಗೇ ಇತ್ತು, ಈಗ ಏನೂ ವ್ಯತ್ಯಾಸ ಇಲ್ಲ. ಎಲ್ಲಾ ದಿನಾನೂ ಒಂದೇ. ಸ್ವಲ್ಪ ಬಿಗಿ ಇರುತ್ತೆ, ಅದು ಯಾವತ್ತೂ ಇದ್ದದ್ದೇ. ಇವತ್ತು ದೋಣೀಲಿ ಕೂತಾಗ್ಲೂ ಇತ್ತು. ರಜೆಗೂ ಅದಕ್ಕೂ ಏನೂ ಸಂಬಂಧ ಇಲ್ಲಪ್ಪ. ನಾನು ಪರೀಕ್ಷೆ ಮಾಡಿ ನೋಡಿಬಿಟ್ಟೆ."

ಮಾತಿನ ನಡುವೆ ಅವಳೂ ನಾಲ್ಕು ಪದಕ್ಕೊಮ್ಮೆ ನಿಲ್ಲುತ್ತಾಳೆ ಎಂಬುದು ಅವನಿಗೆ ಇವತ್ತೇ ಕೇಳಿಸಿದ್ದು. ಇಷ್ಟು ದಿನ ಒಂದೇ ಮನೆಯಲ್ಲಿ, ಇಬ್ಬರ ಉಸಿರೂ ಒಂದೇ ಲಯದಲ್ಲಿ ಎಳೆಯುತ್ತ, ತನ್ನ ಸದ್ದಿನಲ್ಲಿ ಅವಳದು ಮುಳುಗಿಹೋಗಿತ್ತು. ಅವಳು ತನ್ನ ಮೆಚ್ಚುಗೆಗೆ ಕಾಯುತ್ತಿದ್ದಾಳೆ, ಇಲ್ಲವೇ ಬೈಗುಳಕ್ಕೆ. ಜೋಡಿಸಿಟ್ಟುಕೊಂಡಿದ್ದ ಪದಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

"ನಾಳೆಯಿಂದ ಹೋಗ್ಬೇಡ" ಎಂದ.

"ಎಲ್ಲಿಗೆ? ಕೆರೆಗಾ?"

"ಗಿರಣಿಗೆ... ಬೇಡ... ಬಿಟ್ಟುಬಿಡು..." ಎಂದು ಕೈಯೆತ್ತುವಷ್ಟರಲ್ಲಿ ಕೆಮ್ಮು ಬಂತು. ಹಿಡಿದುಕೊಂಡಷ್ಟೂ ಜೋರಾಯಿತು. ಎತ್ತಿದ ಕೈ ಹೊಡೆಯಲು ಎತ್ತಿದ ಹಾಗೆ ಕಂಡಿರಬೇಕು, ಅವಳ ಮುಖದ ಸಡಗರವೆಲ್ಲ ಇಳಿದುಹೋಯಿತು. ಎದ್ದು ಬಂದು ಬೆನ್ನು ನೀವತೊಡಗಿದಳು. "ಆಯ್ತಪ್ಪ, ಆಯ್ತು, ಕೋಪ ಮಾಡ್ಕೋಬೇಡ. ಬಿಟ್ಟುಬಿಡು ಅಂತೆಲ್ಲಾ ಸಿಟ್ಟಲ್ಲಿ ಹೇಳ್ಬೇಡ, ನಾನೂ ಬಿಟ್ರೆ ಇಬ್ಬರೂ ಏನು ಮಾಡೋಣ? ಸುಳ್ಳು ಹೇಳಿದ್ದು ತಪ್ಪು. ಇನ್ನು ತಪ್ಪಿಸಲ್ಲ, ಸರೀನಾ? ಮುಂದಿನ ರಜೆಯಿಂದ ಕ್ಲೀನಿಂಗಿಗೆ ಹೋಗ್ತೀನಿ. ನಿನ್ನಾಣೆ." ಅವನು ತಲೆ ಅಲ್ಲಾಡಿಸಿದ. ಕೆಮ್ಮುವವನ ತಲೆ ಹೇಗೂ ಅಲ್ಲಾಡುತ್ತದೆ. "ನಂಬಿಕೆ ಇಲ್ವಾ? ಈಗಲೇ ಮೇಸ್ತ್ರಿ ಮನೆಗೆ ಹೋಗಿ ಹೆಸರು ಕೊಟ್ಟು ಬರ್ತೀನಿ. ಹಿಂದಿನ ಬೀದಿ ತಾನೇ? ಅಷ್ಟಾದ್ರೆ ಸಮಾಧಾನವಾ ನಿನಗೆ?"

ಅವಳ ಸೆರಗು ಹಿಡಿಯಲು ಚಾಚಿದ ಕೈಗೆ ನೀರಿನ ಲೋಟ ಕೊಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಮೆಟ್ಟಿಲಲ್ಲಿ ಅವಳ ಹೆಜ್ಜೆ ಇಳಿಯುವುದು ಕೇಳಿಸಿತು. ಗುಬ್ಬಿ ಎಂದು ಕೂಗಿದ, ಅದು ಬಾಗಿಲವರೆಗೂ ಹೋಗಲಿಲ್ಲ. ಮಂಚ ಹಿಡಿದು, ಗೋಡೆ ಹಿಡಿದು, ಕಿಟಕಿಯವರೆಗೆ ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಲೋಟವನ್ನು ಸರಳಿಗೆ ಬಡಿದ, ಇನ್ನೊಮ್ಮೆ ಬಡಿದ, ಇದ್ದಬದ್ದ ಬಲವೆಲ್ಲ ಹಾಕಿ ಬಡಿದ. ಬೀದಿಯ ನಡುವೆ ಅವಳು ನಿಂತು ತಲೆಯೆತ್ತಿ ನೋಡಿದಳು. ಅಪ್ಪ ಎದ್ದು ಕಿಟಕಿಗೆ ಬಂದಿದ್ದಾನೆ, ಕೋಪ ಇಳಿದಿದೆ ಎಂದುಕೊಂಡಿರಬೇಕು. ನಕ್ಕು ಕೈ ಬೀಸಿ, ಮೇಸ್ತ್ರಿಯ ಮನೆಯ ಕಡೆ ತಿರುಗಿದಳು.